ಟೋಕನ್ ಯಾರ ಕೈಲಿತ್ತು?

ಕನ್ನಡದಲ್ಲಿ ಎಂ.ಎ. ಮಾಡಿದವನ ಮನೆಯಲ್ಲಿ ಪುಸ್ತಕದ ವಾಸನೆ ಇರಬೇಕೇ ಹೊರತು ಬೆಸುಗೆಯ ವಾಸನೆ ಇರಕೂಡದೆಂಬುದು ನನ್ನ ಹೆಂಡತಿಯ ಸಿದ್ಧಾಂತ. ಈ ಸಿದ್ಧಾಂತಕ್ಕೆ ಎದುರಾಡುವ ಧೈರ್ಯ ಮೊದಲು ನನಗಿತ್ತು. ಈಗ ಎರಡು ತಿಂಗಳಿಂದ ಇಲ್ಲ. ಏಕೆ ಇಲ್ಲವಾಯಿತೆಂಬುದನ್ನು ಈ ವಾರ ವಾಚಕರೆದುರು ಒಪ್ಪಿಸಿಬಿಡುತ್ತೇನೆ.

ನಮ್ಮ ಸಾಸಲಿಗೆ ರೈಲು ಇಲ್ಲ. ರೈಲು ಕಾಣಬೇಕಾದರೆ ದೊಡ್ಡಬಳ್ಳಾಪುರಕ್ಕೋ ಮಾಕಳಿದುರ್ಗಕ್ಕೋ ಹೋಗಬೇಕು. ಚಿಕ್ಕಂದಿನಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದರೆ, ಎತ್ತುಗಳ ಹಲ್ಲು ಎಣಿಸುವುದನ್ನು ಕಲಿಯಬೇಕಾದ ಮಗ ಬೆಟ್ಟದ ಬುಡದಲ್ಲಿ ಮೈ ತಿರುವಿ ಏರುವ ಗೂಡ್ಸ್ ಬಂಡಿಯ ಡಬ್ಬಿಗಳನ್ನು ಎಣಿಸುತ್ತ ನಿಂತುಬಿಡುತ್ತಿದ್ದ. ಆ ಎಣಿಕೆ ಇಂದಿಗೂ ಮುಗಿದಿಲ್ಲ. ಪಡಸಾಲೆಯ ಕಿಟಕಿಯ ಕೆಳಗೆ ಒಂದು ಕೆಲಸದ ಮೇಜಿದೆ. ಅದರ ಮೇಲೆ ನಾಲ್ಕು ಅಡಿಯ ಹಲಗೆ. ಹಲಗೆಯ ಮೇಲೆ ಹದಿನಾರೂವರೆ ಮಿಲಿಮೀಟರ್ ಅಂತರದ ಎರಡು ಪುಟ್ಟ ಕಂಬಿಗಳು. ಇದಕ್ಕೆ ಪರೀಕ್ಷಾ ಕಂಬಿಯೆಂದು ಹೆಸರು. ಊರು, ಬೆಟ್ಟ, ಸೇತುವೆ ಯಾವುದೂ ಇದರ ಮೇಲಿಲ್ಲ. ಮಾದರಿ ಎಂಜಿನುಗಳು ಸರಿಯಾಗಿ ನಡೆಯುತ್ತವೆಯೆ, ಹೇಳಿದ ಮಾತು ಕೇಳುತ್ತವೆಯೆ ಎಂದು ನೋಡುವುದಕ್ಕೆ ಮಾತ್ರ ಇದು.

ಹದಿನಾರೂವರೆ ಮಿಲಿಮೀಟರಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿ ಮುಂದೆ ಹೋಗುತ್ತೇನೆ. ಜಗತ್ತಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ಮಾದರಿ ರೈಲು ನಿಜವಾದುದರ 87ರಲ್ಲಿ ಒಂದು ಪಾಲು. ಯೂರೋಪು, ಅಮೆರಿಕಗಳ ಕಂಬಿಯ ಅಂತರ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ ಹದಿನಾರೂವರೆ ಬರುತ್ತದೆ. ಭಾರತದ ಬ್ರಾಡ್‌ಗೇಜ್ 1676. ಭಾಗಿಸಿದರೆ ಹತ್ತೊಂಬತ್ತು ಕಾಲು. ಮೀಟರ್‌ಗೇಜಿಗೆ ಹನ್ನೊಂದೂವರೆ. ಆದುದರಿಂದ ನಮ್ಮ ದೇಶದ ಎಂಜಿನನ್ನು ಈ ಕಂಬಿಯ ಮೇಲೆ ನಿಲ್ಲಿಸಿದರೆ ಪಕ್ಕದ ಮನೆಯವರ ಚಪ್ಪಲಿ ಮೆಟ್ಟಿ ಮದುವೆಗೆ ಬಂದವನಂತೆ ಕಾಣುತ್ತದೆ. ಈ ಕಂಬಿಗೆ ಕೂದಲೆಳೆಯಷ್ಟೂ ಲೋಪವಿಲ್ಲದೆ ಒಪ್ಪುವ ಕನ್ನಡನಾಡಿನ ರೈಲು ಯಾವುದೆಂದರೆ ಬೆಂಗಳೂರಿನ ನಮ್ಮ ಮೆಟ್ರೊ. ಅದರ ಅಂತರ 1435. ಇದನ್ನು ಕಂಡುಕೊಂಡ ದಿನ ನನಗಾದ ಆನಂದವನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಲಿಲ್ಲ.

ಹಿಂದಿನ ಕಾಲದ ಮಾದರಿ ರೈಲಿನ ವ್ಯವಸ್ಥೆ ಬಹು ಸುಲಭ. ಎರಡು ಕಂಬಿಗಳಿಗೆ ಸೊನ್ನೆಯಿಂದ ಹನ್ನೆರಡು ವೋಲ್ಟಿನವರೆಗೆ ವಿದ್ಯುತ್ತನ್ನು ಕೊಡುವುದು. ಹೆಚ್ಚಿಸಿದರೆ ವೇಗ, ತಗ್ಗಿಸಿದರೆ ನಿಧಾನ, ತಂತಿಗಳನ್ನು ಅದಲುಬದಲು ಮಾಡಿದರೆ ಹಿಂದಕ್ಕೆ ನಡೆ. ತೊಂದರೆಯೇನೆಂದರೆ ಅಲ್ಲಿ ಎಂಜಿನಿಗೆ ಸ್ವಂತ ಬುದ್ಧಿಯಿಲ್ಲ. ಒಂದೇ ಕಂಬಿಯ ಮೇಲೆ ಎರಡು ಎಂಜಿನುಗಳಿದ್ದರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಈ ಸಂಕಟವನ್ನು ಬಿಡಿಸಿದ ಹೊಸ ಪದ್ಧತಿ ಡಿಜಿಟಲ್ ಕಮಾಂಡ್ ಕಂಟ್ರೋಲ್, ಸಂಕ್ಷೇಪದಲ್ಲಿ ಡಿ.ಸಿ.ಸಿ. ಜರ್ಮನಿಯ ಲೆನ್ಜ್ ಎಂಬವರ ಸಂಸ್ಥೆ 1980ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿತು. 1935ರಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಇದನ್ನೇ ಎಲ್ಲರಿಗೂ ಸಾಮಾನ್ಯವಾದ ಪ್ರಮಾಣವೆಂದು ಅಂಗೀಕರಿಸಿತು. ಅದರಿಂದಾಗಿ ಒಬ್ಬರು ಮಾಡಿದ ಎಂಜಿನು ಇನ್ನೊಬ್ಬರು ಮಾಡಿದ ಪೆಟ್ಟಿಗೆಯ ಮಾತನ್ನು ಕೇಳುತ್ತದೆ. ಮನುಷ್ಯರಲ್ಲಿ ಇಂಥ ಅಂಗೀಕಾರ ಅಪರೂಪ.

ಈ ಪದ್ಧತಿಯಲ್ಲಿ ಕಂಬಿಗೆ ಸುಮಾರು ಹದಿನೈದು ವೋಲ್ಟು ಸದಾ ಪೂರ್ತಿಯಾಗಿ ಹರಿಯುತ್ತಿರುತ್ತದೆ. ಎಂಜಿನು ನಿಂತಿದ್ದರೂ ಸರಿ, ಓಡುತ್ತಿದ್ದರೂ ಸರಿ. ಆದರೆ ಆ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ, ಆ ಬದಲಾವಣೆಯ ಲಯದಲ್ಲಿಯೇ ಮಾತು ಅಡಗಿದೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ 58 ಪಾಲಿನಷ್ಟು ಹೊತ್ತು ಅತ್ತ, ಅಷ್ಟೇ ಹೊತ್ತು ಇತ್ತ ಹರಿದರೆ ಅದು ‘ಒಂದು’. ನೂರು ಪಾಲಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹರಿದರೆ ಅದು ‘ಸೊನ್ನೆ’. ದೊಡ್ಡಬಳ್ಳಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಮಗ್ಗಗಳ ತಲೆಯ ಮೇಲೆ ತೂಗುವ ಜಕಾರ್ಡಿನ ರಟ್ಟಿನಲ್ಲಿ ತೂತಿದ್ದೆಡೆ ಎಳೆ ಏಳುತ್ತದೆ, ತೂತಿಲ್ಲದೆಡೆ ಏಳುವುದಿಲ್ಲ; ಇಷ್ಟರಿಂದಲೇ ಸೀರೆಯ ಸೆರಗಿನಲ್ಲಿ ನವಿಲು ಕುಣಿಯುತ್ತದೆ. ಎಂಜಿನಿನ ಹೊಟ್ಟೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಫಲಕವಿದೆ. ಡಿಕೋಡರ್ ಎಂದು ಅದಕ್ಕೆ ಹೆಸರು. ಸೊನ್ನೆ-ಒಂದುಗಳ ಈ ಸಾಲನ್ನು ಓದುವುದು ಅದರ ಕೆಲಸ.

ಓದುವ ಕ್ರಮ ನಮ್ಮ ತರಗತಿಯ ಹಾಜರಿಯಂತೆಯೇ. ಮೊದಲು ಕನಿಷ್ಠ ಹದಿನಾಲ್ಕು ‘ಒಂದು’ಗಳು ಸಾಲಾಗಿ ಬರುತ್ತವೆ, ಮೇಷ್ಟರು ಮೇಜು ಕುಟ್ಟಿ ಗದ್ದಲವನ್ನು ಅಡಗಿಸಿದ ಹಾಗೆ. ಆಮೇಲೆ ಒಂದು ಸಂಖ್ಯೆ. ಅದರ ಹಿಂದೆ ಆಜ್ಞೆ. ಕೊನೆಯಲ್ಲಿ ಮಾತು ದಾರಿಯಲ್ಲಿ ಕೆಟ್ಟಿದೆಯೋ ಇಲ್ಲವೋ ಎಂದು ತಾಳೆ ನೋಡುವ ಒಂದು ಅಂಕಿ. ಕಂಬಿಯ ಮೇಲಿರುವ ಎಲ್ಲ ಎಂಜಿನುಗಳಿಗೂ ಎಲ್ಲ ಮಾತೂ ಕೇಳಿಸುತ್ತದೆ. ಯಾರ ಸಂಖ್ಯೆ ಕರೆಯಲ್ಪಟ್ಟಿತೋ ಆ ಎಂಜಿನು ಮಾತ್ರ ನಡೆಯುತ್ತದೆ. ತಾಳೆ ತಪ್ಪಿದ ಮಾತನ್ನು ಅದು ಕೇಳಿಯೂ ಕೇಳದಂತೆ ಬಿಟ್ಟುಬಿಡುತ್ತದೆ. ಮಾತು ಮತ್ತೆ ಮತ್ತೆ ಬರುತ್ತಲೇ ಇರುವುದರಿಂದ ನಷ್ಟವೇನೂ ಇಲ್ಲ.

ಆದರೆ ಕಾರ್ಖಾನೆಯಿಂದ ಬರುವ ಡಿಕೋಡರುಗಳೆಲ್ಲದರ ಸಂಖ್ಯೆಯೂ ಸಾಮಾನ್ಯವಾಗಿ 3. ತರಗತಿಗೆ ಬಂದ ಹೊಸ ಹುಡುಗರೆಲ್ಲ ಮೂರನೆಯ ನಂಬರಿನವರೇ ಆದರೆ ಹಾಜರಿ ಹೇಗೆ ಕರೆಯುವುದು? ಒಂದೊಂದಕ್ಕೂ ಬೇರೆ ಬೇರೆ ಸಂಖ್ಯೆ ಕೊಡಬೇಕು. ಹಾಗೆ ಕೊಡುವುದಕ್ಕೆ ಬೇರೆ ಕಂಬಿಯೇ ಬೇಕು. ಪ್ರೋಗ್ರಾಮಿಂಗ್ ಟ್ರ್ಯಾಕ್ ಎಂದು ಶಾಸ್ತ್ರದಲ್ಲಿ ಅದರ ಹೆಸರು. ನಮ್ಮ ಮನೆಯಲ್ಲಿ ಅದು ನಾಮಕರಣದ ಕಂಬಿ. ಇಲ್ಲಿ ಎರಡು ವಿಶೇಷಗಳಿವೆ. ಮೊದಲನೆಯದು, ಇದಕ್ಕೆ ಹರಿಯುವ ವಿದ್ಯುತ್ತಿಗೆ ಮಿತಿಯುಂಟು, ಸುಮಾರು ಕಾಲು ಆಂಪಿಯರ್. ಡಿಕೋಡರಿನ ತಂತಿಗಳನ್ನು ನಾವು ತಪ್ಪಾಗಿ ಬೆಸೆದಿದ್ದರೂ ಅದು ಸುಟ್ಟುಹೋಗದೆ ಬದುಕಿಕೊಳ್ಳುವ ಸಂಭವ ಹೆಚ್ಚು. ಕೆಂಪು, ಕಪ್ಪು ತಂತಿಗಳು ಕಂಬಿಯ ಕಡೆಯವು. ಕಿತ್ತಳೆ, ಬೂದು ಬಣ್ಣದವು ಮೋಟಾರಿನವು. ಇವೆರಡು ಜೋಡಿಗಳ ನಡುವೆ ನಂಟು ಕೂಡದು. ಆದುದರಿಂದ ಹೊಸದಾಗಿ ಬೆಸೆದ ಎಂಜಿನಿಗೆ ಮೊದಲ ವಿದ್ಯುತ್ತನ್ನು ಇಲ್ಲಿಯೇ ಕೊಡಬೇಕು.

ಎರಡನೆಯದು ನನಗೆ ಬಹಳ ಇಷ್ಟವಾದುದು. ಎಂಜಿನಿಗೆ ಬಾಯಿಲ್ಲ, ಆದರೂ ನಾಮಕರಣದ ಕಂಬಿಯ ಮೇಲೆ ಅದು ಉತ್ತರ ಕೊಡುತ್ತದೆ. ಪೆಟ್ಟಿಗೆ ‘ನಿನ್ನ ಸಂಖ್ಯೆಯ ಈ ಸ್ಥಾನದಲ್ಲಿ ಒಂದು ಇದೆಯೆ?’ ಎಂದು ಕೇಳುತ್ತದೆ. ಇದ್ದರೆ ಡಿಕೋಡರು ಸೆಕೆಂಡಿನ ಸಾವಿರದ ಆರು ಪಾಲಿನಷ್ಟು ಹೊತ್ತು ಮೋಟಾರಿಗೆ ವಿದ್ಯುತ್ತು ಬಿಟ್ಟು ಬೆಚ್ಚಿಬಿದ್ದಂತೆ ಅಲುಗುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಹೀಗೆ ಎಂಟು ಸ್ಥಾನಗಳನ್ನೂ ಕೇಳಿ, ಕೊನೆಗೆ ‘ಹಾಗಾದರೆ ನಿನ್ನ ಸಂಖ್ಯೆ ಇಂಥದು, ಹೌದೆ?’ ಎಂದು ಮತ್ತೊಮ್ಮೆ ಕೇಳಿ, ಹೂಂಗುಟ್ಟಿಸಿಕೊಂಡು ಮುಗಿಸುತ್ತದೆ. ಕೋಲೆಬಸವ ಒಡೆಯನ ಪ್ರಶ್ನೆಗಳಿಗೆ ತಲೆಯಾಡಿಸುವುದನ್ನು ಬೀದಿಯಲ್ಲಿ ನಿಂತು ನೋಡಿದವರಿಗೆ ಇದರ ಸೊಗಸು ತಿಳಿದೀತು.

ಇಷ್ಟೆಲ್ಲವನ್ನೂ ನನಗೆ ಕಲಿಸಿದವನು ನನ್ನದೇ ವಿದ್ಯಾರ್ಥಿ. ಕನ್ನಡದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ತೂಕಡಿಸುತ್ತಿದ್ದ ಹುಡುಗ. ಒಂದು ದಿನ ಗದರಿಸಿದಾಗ, ರಾತ್ರಿಪಾಳಿಯಲ್ಲಿ ವಿದ್ಯುತ್ ಮಗ್ಗ ನೋಡಿಕೊಳ್ಳುತ್ತೇನೆಂದು ತಲೆ ತಗ್ಗಿಸಿ ಹೇಳಿದ. ಅವನ ಪುಸ್ತಕದ ಅಂಚಿನಲ್ಲಿ ಎಂಜಿನಿನ ಚಿತ್ರವಿತ್ತು. ಗದರಿಕೆ ಅಲ್ಲಿಗೆ ನಿಂತು ಸ್ನೇಹ ಆರಂಭವಾಯಿತು. ಒಂದು ವರ್ಷದ ರಾತ್ರಿಪಾಳಿಯ ಕೂಲಿಯಲ್ಲಿ ಮಿಗಿಸಿ ಅವನು ಒಂದು ಹಳೆಯ ಎಂಜಿನನ್ನು ಕೊಂಡಿದ್ದ. ಅಮೆರಿಕದ ಆಲ್ಕೊ ಕಂಪನಿಯ ನಕ್ಷೆಯ ಡೀಸೆಲ್. ನಮ್ಮ ದೇಶದಲ್ಲಿ ದಶಕಗಳ ಕಾಲ ದುಡಿದ ಡಬ್ಲ್ಯು.ಡಿ.ಎಂ.-2 ಎಂಜಿನೂ ಅದೇ ಕಂಪನಿಯ ನಕ್ಷೆಯದಾದುದರಿಂದ ಮುಖದಲ್ಲಿ ದಾಯಾದಿಗಳ ಹೋಲಿಕೆಯಿತ್ತು. ಆಜ್ಞೆ ಕೊಡುವ ಪೆಟ್ಟಿಗೆಯನ್ನೂ ಅವನೇ ಮಾಡಿದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಆರ್ಡುಯಿನೊ ಫಲಕವನ್ನೂ ಮೋಟಾರು ನಡೆಸುವ ಇನ್ನೊಂದು ಫಲಕವನ್ನೂ ಕೊಂಡು, ಹವ್ಯಾಸಿಗಳು ಉಚಿತವಾಗಿ ಹಂಚುವ ಡಿ.ಸಿ.ಸಿ.-ಇ.ಎಕ್ಸ್ ಎಂಬ ಕ್ರಮವಿಧಿಯನ್ನು ಅದಕ್ಕೆ ತುಂಬಿದ. ಅದರಿಂದ ಎರಡು ಜೋಡಿ ತಂತಿಗಳು ಹೊರಡುತ್ತವೆ. ಒಂದು ಜೋಡಿ ಓಡಾಟಕ್ಕೆ, ಇನ್ನೊಂದು ನಾಮಕರಣಕ್ಕೆ.

ಮಗ್ಗವಿರುವ ಮನೆಯಲ್ಲಿ ನೂಲಿನ ಧೂಳು, ನೆಲದ ನಡುಕ. ಆದುದರಿಂದ ಎಂಜಿನು, ಪೆಟ್ಟಿಗೆ ಎಲ್ಲವನ್ನೂ ಅವನು ನಮ್ಮ ಮನೆಗೇ ತಂದಿಟ್ಟ. ಇಬ್ಬರೂ ಸೇರಿ ಹಲಗೆಗೆ ಕಂಬಿ ಹೊಡೆದೆವು. ನಡುವೆ ಒಂದು ಸ್ವಿಚ್ಚು: ಮೇಲೆ ಒತ್ತಿದರೆ ಓಡಾಟ, ಕೆಳಗೆ ಒತ್ತಿದರೆ ನಾಮಕರಣ, ನಡುವೆ ನಿಲ್ಲಿಸಿದರೆ ಏನೂ ಇಲ್ಲ. ಎರಡು ಜೋಡಿ ತಂತಿಗಳೂ ಒಂದೇ ಸಮಯದಲ್ಲಿ ಕಂಬಿಗೆ ತಾಗಬಾರದೆಂದು ಈ ಏರ್ಪಾಡು. ಓಡಾಟದ ಕಡೆಗೆ ಇಟ್ಟು, ಒಂದು ರೂಪಾಯಿಯ ನಾಣ್ಯವನ್ನು ಎರಡೂ ಕಂಬಿಗಳಿಗೆ ಅಡ್ಡವಾಗಿ ಹಾಕಿದೆವು. ಪೆಟ್ಟಿಗೆ ತಕ್ಷಣ ವಿದ್ಯುತ್ತನ್ನು ಕಡಿಯಿತು. ಹಾಗೆ ಕಡಿಯದಿದ್ದರೆ ತಂತಿಯೆಲ್ಲೋ ತೆಳ್ಳಗಿದೆ, ಇಲ್ಲವೆ ಬೆಸುಗೆ ಸಾಲದು ಎಂದು ತಿಳಿಯಬೇಕು. ಕಂಬಿಯ ಮೂಲೆಮೂಲೆಯಲ್ಲಿಯೂ ಈ ನಾಣ್ಯಪರೀಕ್ಷೆಯನ್ನು ಮಾಡಬೇಕು. ದೇವರ ಹುಂಡಿಗೆ ಬಿಟ್ಟರೆ ಒಂದು ರೂಪಾಯಿಗೆ ಇಷ್ಟು ಉಪಯೋಗವಿರುವುದನ್ನು ನಾನು ಇಲ್ಲಿಯೇ ಕಂಡೆ. ಹೊರಡುವಾಗ ಹುಡುಗ ಹೇಳಿದ: “ಸಾರ್, ಸ್ವಿಚ್ ಕೆಳಗೆ ಒತ್ತುವಾಗ ಹಲಗೆ ಮೇಲೆ ಒಂದೇ ಎಂಜಿನ್ ಇರಬೇಕು. ನಂಬರ್ ಕೊಡೋದು ಭಾನುವಾರ ಬಂದು ಮಾಡ್ತೀನಿ.”

ಭಾನುವಾರದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಶುಕ್ರವಾರ ಸಂಜೆ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಮೇಜಿನ ಮುಂದೆ ಕುಳಿತೆ. ನನ್ನವು ಎರಡು ಎಂಜಿನುಗಳು, ಮೂಡಣ ದಿಕ್ಕಿಗೆ ಮುಖ ಮಾಡಿದ್ದವು. ಹುಡುಗನದು ಹಲಗೆಯ ಪಡುವಣ ತುದಿಯಲ್ಲಿ, ಪಡುವಣಕ್ಕೆ ಮುಖ ಮಾಡಿ ನಿಂತಿತ್ತು. ಮೂಡಣ ತುದಿಗೆ ಅಡ್ಡಪಟ್ಟಿ ಹೊಡೆದಿದ್ದೆ. ಪಡುವಣ ತುದಿಗೆ ಮೊಳೆ ಸಾಲದೆ ನಾಳೆ ಹೊಡೆಯೋಣವೆಂದು ಬಿಟ್ಟಿದ್ದೆ. ನನ್ನ ಮೊದಲ ಎಂಜಿನಿಗೆ 12 ಎಂಬ ಸಂಖ್ಯೆಯನ್ನು ಕೊಡುವುದೆಂದು ನಿಶ್ಚಯಿಸಿ ಸ್ವಿಚ್ಚನ್ನು ಕೆಳಗೆ ಒತ್ತಿದೆ. ಹಲಗೆಯ ಮೇಲೆ ಮೂರು ಎಂಜಿನುಗಳಿರುವುದು ಕಣ್ಣಿಗೆ ಕಾಣುತ್ತಿತ್ತು, ಮನಸ್ಸಿಗೆ ಕಾಣಲಿಲ್ಲ. ಮಗುವಿನ ಕಿವಿಯಲ್ಲಿ ಪಿಸುಗುಟ್ಟಬೇಕಾದ ಹೆಸರನ್ನು ತೊಟ್ಟಿಲ ಕೋಣೆಯಲ್ಲಿ ನಿಂತು ಕೂಗಿಬಿಟ್ಟೆ. ನಾಮಕರಣದ ಆಜ್ಞೆಗೆ ಸಂಖ್ಯೆಯ ಹಂಗಿಲ್ಲ. ಕಂಬಿಯ ಮೇಲೆ ಯಾರಿದ್ದರೂ ಅವರಿಗೆಲ್ಲ ಅದು ಅನ್ವಯಿಸುತ್ತದೆ. ಮೂರೂ ಒಮ್ಮೆಗೇ ಬೆಚ್ಚಿ ಅಲುಗಿ, ಮೂರೂ 12 ಆದವು.

ಸ್ವಿಚ್ಚನ್ನು ಮೇಲಕ್ಕೊತ್ತಿ 12ಕ್ಕೆ ಮುಂದೆ ನಡೆಯೆಂದೆ. ಧೂಳಿನ ದೆಸೆಯಿಂದ ಮೊದಲು ಯಾವುದೂ ಕದಲಲಿಲ್ಲ. ನಮ್ಮಲ್ಲಿ ರಾಗಿ ಒಕ್ಕಣೆಯ ದಿನಗಳಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ಒಳಗೂ ಧೂಳು ಸೇರುತ್ತದೆ. ಕಂಬಿಯನ್ನು ಸ್ಪಿರಿಟ್ಟಿನಲ್ಲಿ ಒರೆಸುವುದನ್ನು ಬಿಟ್ಟು ವೇಗವನ್ನೇ ಹೆಚ್ಚಿಸಿದೆ. ನನ್ನೆರಡೂ ದಡಕ್ಕನೆ ಮೂಡಣಕ್ಕೆ ಹೊರಟವು. ಇದೇನು, ಎರಡೂ ಹೊರಟವಲ್ಲ ಎಂದು ಅವುಗಳನ್ನೇ ನೋಡುತ್ತಿದ್ದೆ. ಹಳೆಯ ಪದ್ಧತಿಯಾಗಿದ್ದರೆ ಮೂರೂ ಒಂದೇ ದಿಕ್ಕಿಗೆ ಹೋಗುತ್ತಿದ್ದವು. ಡಿ.ಸಿ.ಸಿ.ಯಲ್ಲಿ ‘ಮುಂದೆ’ ಎಂದರೆ ಎಂಜಿನಿನ ಮುಖ ಎತ್ತ ಇದೆಯೋ ಅತ್ತ. ನನ್ನ ಬೆನ್ನ ಹಿಂದೆ ಕಾವಿ ನೆಲದ ಮೇಲೆ ಏನೋ ಬಿದ್ದ ಸದ್ದಾಯಿತು.

ಮುಂದಿನ ಕೊಂಡಿ ಮುರಿದಿತ್ತು. ಒಂದು ಕಡೆಯ ಚಕ್ರಗಳ ಚೌಕಟ್ಟಿನಲ್ಲಿ ಹಲ್ಲುಚಕ್ರದ ಪೆಟ್ಟಿಗೆ ಬಿರಿದಿತ್ತು. ಅದನ್ನು ಅಂಗೈಯಲ್ಲಿ ಹಿಡಿದು ಕುಳಿತುಬಿಟ್ಟೆ.

ಸದ್ದು ಕೇಳಿ ಜಗಲಿಯಿಂದ ದೊಡ್ಡಪ್ಪ ಒಳಗೆ ಬಂದರು. ವಯಸ್ಸು ಎಪ್ಪತ್ತೆಂಟು. ರೈಲ್ವೆಯಲ್ಲಿ ಎಂಜಿನು ಒರೆಸುವ ಕೆಲಸಕ್ಕೆ ಸೇರಿ, ಮೀಟರ್‌ಗೇಜಿನ ಕಾಲದಲ್ಲಿ ಉಗಿ ಎಂಜಿನಿನ ಫೈರ್‌ಮನ್ ಆಗಿ ಈ ಗುಂತಕಲ್ ದಾರಿಯಲ್ಲಿಯೇ ಕಲ್ಲಿದ್ದಲು ಎತ್ತಿಹಾಕಿದವರು. ಆ ಮೀಟರ್‌ಗೇಜ್ ದಾರಿ 1983ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು. ಈಗ ಅದರ ಮೇಲೆ ವಿದ್ಯುತ್ ತಂತಿಯೂ ಬಂದಿದೆ. ನಮ್ಮ ಹಲಗೆಯ ರೈಲನ್ನು ಅವರು ಅದುವರೆಗೆ ಒಮ್ಮೆಯೂ ಹತ್ತಿರ ಬಂದು ನೋಡಿರಲಿಲ್ಲ. ನಾನು ಡಿಕೋಡರು, ಸಂಖ್ಯೆ, ದಿಕ್ಕು ಎಲ್ಲವನ್ನೂ ಉದ್ದಕ್ಕೆ ವಿವರಿಸಿದೆ. ಉಪನ್ಯಾಸಕನಲ್ಲವೆ, ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ ಮುಕ್ಕಾಲು ಗಂಟೆ ಬೇಕು. ಅವರು ಪೂರ್ತಿ ಕೇಳಿ ಒಂದೇ ಮಾತು ಕೇಳಿದರು.

“ಟೋಕನ್ ಯಾರ ಕೈಲಿತ್ತೋ?”

“ಇದಕ್ಕೆಲ್ಲಿಯ ಟೋಕನ್, ದೊಡ್ಡಪ್ಪ! ಇದು ಆಟದ ರೈಲು.”

“ಬಿದ್ದದ್ದು ಆಟದ್ದೋ? ಆ ಹುಡುಗನ ಒಂದು ವರ್ಷದ ರಾತ್ರಿಪಾಳಿ ಅಂತ ನೀನೇ ಹೇಳಿದ್ದೆ.”

ನಾನು ಬಾಯಿ ಮುಚ್ಚಿದೆ. ಅವರು ಕುರ್ಚಿಯನ್ನು ಎಳೆದುಕೊಂಡು ಕುಳಿತರು.

ಒಂಟಿ ಹಳಿಯ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಸಮಯಕ್ಕೆ ಒಂದೇ ಗಾಡಿ ಇರಬೇಕು. ಇದನ್ನು ನೆನಪಿಗೆ, ನಂಬಿಕೆಗೆ, ಜಾಣತನಕ್ಕೆ ಬಿಟ್ಟರೆ ಜನ ಸಾಯುತ್ತಾರೆ. ಅದಕ್ಕಾಗಿ ನೀಲ್ಸ್ ಬಾಲ್ ಟೋಕನ್ ಎಂಬ ಯಂತ್ರವಿತ್ತು. ಎರಡು ನಿಲ್ದಾಣಗಳಲ್ಲಿ ಎರಡು ಯಂತ್ರಗಳು. ತಂತಿಯ ಮೂಲಕ ಒಂದಕ್ಕೊಂದು ಬೀಗ ಬಿಗಿದಂಥವು. ಒಳಗೆ ಉಕ್ಕಿನ ಗುಂಡುಗಳು. ಆಚೆಯ ನಿಲ್ದಾಣದವರು ಒಪ್ಪಿ ಗುಂಡಿ ಒತ್ತಿದರೆ ಈಚೆಯಲ್ಲಿ ಒಂದು ಗುಂಡು ಹೊರಬರುತ್ತದೆ. ಆ ಗುಂಡು ಆಚೆಯ ಯಂತ್ರಕ್ಕೋ ತನ್ನ ಯಂತ್ರಕ್ಕೋ ಮರಳಿ ಬೀಳುವವರೆಗೆ ಎರಡು ಕಡೆಯಲ್ಲಿಯೂ ಇನ್ನೊಂದು ಗುಂಡು ಹೊರಬರುವ ಹಾಗಿಲ್ಲ. ಗುಂಡನ್ನು ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟಿ ಹಿಡಿದು ನಿಲ್ಲುತ್ತಿದ್ದರು. ಓಡುವ ಎಂಜಿನಿನಿಂದ ಫೈರ್‌ಮನ್ ತೋಳು ಚಾಚಿ ಅದನ್ನು ಕೊಂಡೊಯ್ಯಬೇಕು. ಗುಂಡು ಕೈಯಲ್ಲಿದ್ದರೆ ದಾರಿ ನಮ್ಮದು. ಇಲ್ಲದಿದ್ದರೆ ಸಿಗ್ನಲ್ಲು ಏನು ಹೇಳಿದರೂ, ಯಾರು ಕೂಗಿದರೂ ದಾರಿ ನಮ್ಮದಲ್ಲ.

“ಒಂದು ರಾತ್ರಿ ನನ್ನ ತೋಳಿಗೆ ಬಳೆ ಸಿಕ್ಕಿತು, ಚೀಲ ಕಳಚಿ ಹೋಯಿತು” ಎಂದರು ದೊಡ್ಡಪ್ಪ. “ಡ್ರೈವರು ಗಾಡಿ ನಿಲ್ಲಿಸಿದರು. ನನ್ನನ್ನ ಬಯ್ಯಲಿಲ್ಲ. ದೀಪ ಕೊಟ್ಟು, ಹೋಗಿ ಹುಡುಕು ಅಂದರು, ಅಷ್ಟೇ. ಲಾಂಟಾನದ ಪೊದೆ, ಮಳೆ ಬೇರೆ. ಗಾಡಿಯೊಳಗಿನ ಜನ ತಲೆ ಹೊರಗೆ ಹಾಕಿ ಕೂಗುತ್ತಿದ್ದರು. ಸ್ಟೇಷನ್ ಮಾಸ್ತರು ಓಡಿಬಂದು, ‘ಲೈನ್ ಖಾಲಿ ಇದೆ, ನಾನೇ ಹೇಳ್ತಿದೀನಿ, ಹೊರಡಿ’ ಅಂದರು. ಡ್ರೈವರು ಮಿಸುಕಲಿಲ್ಲ. ಗುಂಡು ಸಿಗುವವರೆಗೆ ಒಂದು ಸುತ್ತು ಚಕ್ರ ಉರುಳಲಿಲ್ಲ.”

ಆಮೇಲೆ ನಮ್ಮ ಹಲಗೆಯನ್ನು ನೋಡಿ, “ನಿನ್ನ ಹುಡುಗ ನಿನಗೆ ಬಾಯಿಮಾತಲ್ಲಿ ಹೇಳಿಹೋದ. ಅದೇ ತಪ್ಪು” ಎಂದರು. ತಪ್ಪು ನನ್ನದೆಂದು ನಾನು ಹೇಳಲು ಹೋದೆ. “ನಿನ್ನದು ಇದ್ದೇ ಇದೆ. ಆದರೆ ಮರೆಯೋನು ಮರೀತಾನೆ. ಮರೆತರೂ ಆಗದ ಹಾಗೆ ಮಾಡಬೇಕಿತ್ತು.”

ಮರುದಿನ ಕಾಲೇಜಿನಲ್ಲಿ ಹುಡುಗನಿಗೆ ವಿಷಯ ತಿಳಿಸಿದೆ. ಎಂಜಿನನ್ನು ಕಾಗದದಲ್ಲಿ ಸುತ್ತಿ ಕೊಂಡೊಯ್ದಿದ್ದೆ. ಅವನು ಬಿಚ್ಚಿ ನೋಡಿ, ಬಿರುಕಿನ ಮೇಲೆ ಉಗುರಾಡಿಸಿ, “ಪರವಾಗಿಲ್ಲ ಸಾರ್” ಎಂದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮೇಷ್ಟರನ್ನು ಬೈಯುವ ಹಕ್ಕು ಹುಡುಗರಿಗೆ ಇಲ್ಲವೆಂಬುದನ್ನು ನಾವು ಎಷ್ಟು ಹಗುರವಾಗಿ ಅನುಭವಿಸುತ್ತೇವೆಂದು ಆ ಹೊತ್ತು ಗೊತ್ತಾಯಿತು. ಬಿಡಿಭಾಗಕ್ಕೆ ನಾನೇ ಹಣ ಕಳುಹಿಸಿದೆ. ಅದು ಕಡಲು ದಾಟಿ ಬರುವುದಕ್ಕೆ ಏಳು ವಾರ ಹಿಡಿಯಿತು. ಆ ಏಳು ವಾರ ಅವನು ತರಗತಿಯಲ್ಲಿ ಒಮ್ಮೆಯೂ ತೂಕಡಿಸಲಿಲ್ಲ. ನನ್ನ ಮನೆಗೂ ಬರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಹಲಗೆಯನ್ನು ವಶಕ್ಕೆ ತೆಗೆದುಕೊಂಡಿದ್ದರು. ಸ್ವಿಚ್ಚನ್ನು ಕೀಳಿಸಿದರು. ನಾಲ್ಕು ಅಡಿಯ ಕಂಬಿ ಇನ್ನು ಓಡಾಟಕ್ಕೆ ಮಾತ್ರ. ಎರಡೂ ತುದಿಗೆ ಅಡ್ಡಪಟ್ಟಿ, ಪಟ್ಟಿಗೆ ಸ್ಪಂಜು. ನಾಮಕರಣಕ್ಕೆ ಬೇರೆಯೇ ಒಂದು ತುಂಡು ಹಲಗೆ. ಅದರ ಕಂಬಿಯ ಉದ್ದವನ್ನು ಅವರು ಎಂಜಿನುಗಳನ್ನು ಅಳೆದು ನಿರ್ಧರಿಸಿದರು: ಹನ್ನೊಂದು ಅಂಗುಲ. ಒಂದು ಎಂಜಿನು ನಿಂತರೆ ಎರಡನೆಯದರ ಚಕ್ರಗಳಿಗೆ ಜಾಗ ಸಾಲದು. ಎರಡು ಕಂಬಿಗಳನ್ನು ಒಂದೇ ಹಲಗೆಯಲ್ಲಿ ಸಾಲಾಗಿ ಇಟ್ಟು ನಡುವೆ ಸಣ್ಣ ಕಡಿತ ಬಿಡುವುದೂ ವಾಡಿಕೆಯಲ್ಲಿದೆ. ನಾನು ಅದನ್ನು ಸೂಚಿಸಿದೆ. “ಎಂಜಿನು ಅರ್ಧ ಅತ್ತ ಅರ್ಧ ಇತ್ತ ನಿಂತರೆ?” ಎಂದರು. ನಿಂತರೆ ಅದರ ಚಕ್ರಗಳೇ ಎರಡು ಕಡೆಯ ವಿದ್ಯುತ್ತನ್ನೂ ಬೆಸೆದು ಪೆಟ್ಟಿಗೆಯನ್ನು ಕೆಡಿಸಬಹುದು. ಎಂ.ಎ. ಮಾಡಿದವನಿಗೆ ಹೊಳೆಯದುದು ಫೈರ್‌ಮನ್ನಿಗೆ ಹೊಳೆದಿತ್ತು. ಕೊನೆಗೆ ಹಿಟ್ಟಿನ ಗಿರಣಿಯಿಂದ ಸವೆದ ಬೇರಿಂಗಿನ ಒಂದು ಉಕ್ಕಿನ ಗುಂಡನ್ನು ತಂದು ಬಟ್ಟಲಲ್ಲಿಟ್ಟರು. ತುಂಡು ಹಲಗೆಯನ್ನು ಮುಟ್ಟುವವರು ಮೊದಲು ಆ ಗುಂಡನ್ನು ಅವರ ಕೈಯಿಂದ ಪಡೆಯಬೇಕು.

ಕಳೆದ ಭಾನುವಾರ ಹುಡುಗ ಬಂದ. ಹೊಸ ಚೌಕಟ್ಟು ಹಾಕಿದ ಎಂಜಿನು ಅವನ ಕೈಲಿತ್ತು. ದೊಡ್ಡಪ್ಪ ಎದ್ದು ನಿಂತು ಗುಂಡನ್ನು ಕೊಟ್ಟರು. ಅವನಿಗೆ ಏನೂ ಅರ್ಥವಾಗದಿದ್ದರೂ ಪ್ರಸಾದ ತೆಗೆದುಕೊಳ್ಳುವವನಂತೆ ಎರಡು ಕೈಯಲ್ಲಿ ಹಿಡಿದುಕೊಂಡ. ಹನ್ನೊಂದು ಅಂಗುಲದ ಕಂಬಿಯ ಮೇಲೆ ಎಂಜಿನು ಒಂದೇ ನಿಂತಿತು. ಹಳೆಯ ಸಂಖ್ಯೆ ಕೇಳಿದರೆ 12 ಎಂದು ಅಲುಗಿ ಅಲುಗಿ ಹೇಳಿತು. ನಾನು ತಲೆ ತಗ್ಗಿಸಿದೆ. ಹುಡುಗ ನಕ್ಕ. ಏಳು ವಾರಗಳ ಮೇಲೆ ಮೊದಲ ಸಲ. ಹೊಸ ಸಂಖ್ಯೆ 48 ಎಂದು ಬರೆದ. ದೊಡ್ಡಪ್ಪ ಹುಟ್ಟಿದ ವರ್ಷದ ಕೊನೆಯ ಎರಡು ಅಂಕಿಗಳು ಅವು ಎಂಬುದು ಅವನಿಗೆ ತಿಳಿದಿರಲಿಲ್ಲ, ಮನೆಯವರು ಯಾರೂ ಹೇಳಲೂ ಇಲ್ಲ. ಗುಂಡನ್ನು ಬಟ್ಟಲಿಗೆ ಹಿಂದಿರುಗಿಸಿ, ಎಂಜಿನನ್ನು ಉದ್ದ ಹಲಗೆಗೆ ಎತ್ತಿಟ್ಟು ನಡೆಸಿದ.

ದೊಡ್ಡಪ್ಪ ಬಾಗಿ ನೋಡಿ ಮುಖ ಸಿಂಡರಿಸಿದರು. “ಇದೇನು, ನಾಯಿ ಕಂಡ ಮೇಕೆ ಹಾಗೆ ಹಾರುತ್ತೆ. ಹಿಂದೆ ನಲವತ್ತು ಡಬ್ಬಿ ಭಾರ ಇದೆ ಅಂತ ಅದಕ್ಕೆ ಗೊತ್ತಿಲ್ಲವೇ?” ಅದನ್ನೂ ತಿಳಿಸಬಹುದೆಂದು ಹುಡುಗ ಹೇಳಿದ. ಡಿಕೋಡರಿನ ಮೂರನೆಯ ಮನೆಯಲ್ಲಿ ಬರೆಯುವ ಅಂಕಿ, ಎಂಜಿನು ನಿಂತಲ್ಲಿಂದ ಪೂರ್ಣವೇಗಕ್ಕೆ ಏರುವ ಸಮಯವನ್ನು ಗೊತ್ತುಮಾಡುತ್ತದೆ. ನಾಲ್ಕನೆಯ ಮನೆಯ ಅಂಕಿ, ನಿಲ್ಲುವ ಸಮಯವನ್ನು. ಮತ್ತೆ ಗುಂಡು ಕೈ ಬದಲಾಯಿತು. ಮೂರನೆಯ ಮನೆಯಲ್ಲಿ 10 ಬರೆದ. “ಇನ್ನೂ ಮೇಕೆಯೇ.” 20 ಬರೆದ. “ಎಮ್ಮೆ ಕರು.” 40 ಬರೆದ. ಪ್ರಮಾಣದ ಲೆಕ್ಕದಲ್ಲಿ ಅದು ಸುಮಾರು 36 ಸೆಕೆಂಡು. ಈ ಸಲ ಎಂಜಿನು ಕದಲಿದೆಯೋ ಇಲ್ಲವೋ ತಿಳಿಯದಂತೆ ಕದಲಿತು. ದೊಡ್ಡಪ್ಪ ಕಣ್ಣು ಮುಚ್ಚಿ ಮೋಟಾರಿನ ಸದ್ದನ್ನೇ ಕೇಳುತ್ತಿದ್ದರು. ಬಲಗೈ ತಾನಾಗಿ ಮೇಲೆದ್ದು, ಇಲ್ಲದ ಹಿಡಿಯೊಂದನ್ನು ಹಿಡಿದಿತ್ತು. ಎಂಜಿನು ಇನ್ನೂ ಅರ್ಧ ವೇಗವನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಸ್ಪಂಜಿಗೆ ತಾಗಿ ನಿಂತುಬಿಟ್ಟಿತು.

“ನಾಲ್ಕು ಅಡಿಯೆಂದರೆ ನಿಜದ ಲೆಕ್ಕದಲ್ಲಿ ಎಷ್ಟು?” ಎಂದು ಕಣ್ಣು ತೆರೆದು ಕೇಳಿದರು.

“ಮುನ್ನೂರ ನಲವತ್ತೆಂಟು ಅಡಿ, ತಾತ” ಎಂದ ಹುಡುಗ. ಅದುವರೆಗೆ ಅವನು ಅವರನ್ನೂ ಸಾರ್ ಎನ್ನುತ್ತಿದ್ದ.

“ಇಷ್ಟರಲ್ಲಿ ಏನು ಪರೀಕ್ಷೆ ಮಾಡ್ತೀರಿ?” ಎಂದು ದೊಡ್ಡಪ್ಪ ಎದ್ದು, ಪಡಸಾಲೆಯ ಗೋಡೆಯಿಂದ ಹೆಜ್ಜೆಗೆ ಹೆಜ್ಜೆ ಸೇರಿಸಿ ಅಳೆಯುತ್ತ ಹೊರಟರು. ದೇವರಮನೆಯ ಹೊಸ್ತಿಲು ದಾಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: “ಈ ಬಾಗಿಲ ರೆಕ್ಕೆ ಕಳಚಿಟ್ಟರೆ ಹದಿನಾಲ್ಕು ಅಡಿ ಆಗುತ್ತೆ.”

ಒಳಗೆ ಒಗ್ಗರಣೆಯ ಸದ್ದು ಸಟ್ಟನೆ ನಿಂತಿತು.